ಹೇರಿದ ವೈರಾಗ್ಯ: ‘ಘಟಶ್ರಾದ್ಧ’ ಮತ್ತು ‘ಫಣಿಯಮ್ಮ’

ವಿಧವೆಯ ಬಾಳನ್ನು ಕುರಿತು ಕನ್ನಡದಲ್ಲಿ ಬಂದಿರುವ ಚಲನಚಿತ್ರಗಳ ಪೈಕಿ ಎರಡನ್ನು ಜೈನ ಶ್ರಾವಕ-ಶ್ರಾವಿಕೆಯರು ವಿಶೇಷವಾಗಿ ಗಮನಿಸಬೇಕು. ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ, 1977ರ ‘ಘಟಶ್ರಾದ್ಧ’ ಒಂದು, ಎಂ. ಕೆ. ಇಂದಿರಾ ಅವರ ಕಾದಂಬರಿಯಿಂದ ಪ್ರೇಮಾ ಕಾರಂತರು ರೂಪಿಸಿದ, 1983ರ ‘ಫಣಿಯಮ್ಮ’ ಮತ್ತೊಂದು. ಎರಡೂ ಮಲೆನಾಡಿನ ಬ್ರಾಹ್ಮಣ ಮನೆಗಳ ಕಥೆಗಳು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಮ್ಮವರು ಇವನ್ನು ನೋಡಿ ‘ಅದು ಅವರ ಆಚಾರ, ನಮ್ಮದಲ್ಲ’ ಎಂದು ಎದ್ದು ಹೋಗುವುದು ಸುಲಭ. ಹಾಗೆನ್ನಲು ಆಧಾರವೂ ಉಂಟು. ಒಕ್ಕಲುತನದ ಚತುರ್ಥ, ಪಂಚಮ ಜೈನರಲ್ಲಿ ಉಡಿಕಿ ಮದುವೆ ರೂಢಿಯಲ್ಲಿತ್ತು. ವಿಲಾಸ ಸಂಗವೆಯವರಂತಹ ವಿದ್ವಾಂಸರು ಇದನ್ನು ದಾಖಲಿಸಿದ್ದಾರೆ. ಆದರೆ ಈ ಚಿತ್ರಗಳು ಎತ್ತುವ ಪ್ರಶ್ನೆ ತಲೆ ಬೋಳಿಸುವ ಪದ್ಧತಿಯನ್ನೂ ದಾಟಿ ಮುಂದೆ ಹೋಗುತ್ತದೆ. ಒಬ್ಬರ ಇಂದ್ರಿಯನಿಗ್ರಹವನ್ನು ಮತ್ತೊಬ್ಬರು ನಿಶ್ಚಯಿಸಬಹುದೇ? ವ್ರತಗಳ ಮೇಲೆ ನಿಂತ ಸಮಾಜ ಈ ಪ್ರಶ್ನೆಯನ್ನು ಪರರದೆಂದು ಬಿಡುವಂತಿಲ್ಲ.

‘ಘಟಶ್ರಾದ್ಧ’ದಲ್ಲಿ ಕಥೆಯನ್ನು ಕಾಣುವವನು ನಾಣಿ ಎಂಬ ಬಾಲಕ. ವೇದಪಾಠಶಾಲೆಗೆ ಹೊಸದಾಗಿ ಬಂದು ಮನೆಯ ನೆನಪಿನಲ್ಲಿ ಕೊರಗುವ ಅವನಿಗೆ ಅನ್ನ, ಅಕ್ಕರೆ ಎರಡನ್ನೂ ಕೊಡುವವಳು ಗುರುಗಳ ವಿಧವೆ ಮಗಳು ಯಮುನಕ್ಕ. ಅವಳು ಗರ್ಭವತಿಯಾದಾಗ ಊರು ಮಾಡುವ ಪಿಸುಮಾತು ಅವನಿಗೆ ಅರ್ಥವಾಗುವುದಿಲ್ಲ. ಅವಳ ನೋವು ಮಾತ್ರ ಅರ್ಥವಾಗುತ್ತದೆ. ಅವಳು ಸಾಯಬೇಕೆಂದು ಹಾವಿನ ಹುತ್ತಕ್ಕೆ ಕೈ ಚಾಚುವಾಗಲೂ ಜೊತೆಯಲ್ಲಿರುವವನು ಈ ಮಗುವೇ. ಕೊನೆಗೆ ಹೆತ್ತ ತಂದೆಯೇ, ಬದುಕಿರುವ ಮಗಳಿಗೆ ಗಡಿಗೆ ಒಡೆದು ಶ್ರಾದ್ಧ ಮಾಡುತ್ತಾನೆ. ತಲೆ ಬೋಳಿಸಿಕೊಂಡ ಯಮುನಕ್ಕ ಮರದಡಿ ಒಂಟಿಯಾಗಿ ಕುಳಿತಿರುತ್ತಾಳೆ. ನಾಣಿಯನ್ನು ಅವನ ತಂದೆ ಊರಿಗೆ ಕರೆದೊಯ್ಯುತ್ತಾನೆ. ಕಾಸರವಳ್ಳಿಯವರು ಇಲ್ಲಿ ಯಾರನ್ನೂ ರಾಕ್ಷಸನನ್ನಾಗಿ ಚಿತ್ರಿಸಿಲ್ಲ. ತಂದೆ ಶಾಸ್ತ್ರ ಬಲ್ಲವನು, ಮಗಳ ಮೇಲೆ ಮಮತೆಯಿಲ್ಲದವನೂ ಅಲ್ಲ. ದೀಪಾ ಮೆಹ್ತಾ ಅವರ ‘ವಾಟರ್’ (2005) ಚಿತ್ರದಲ್ಲಿ 1938ರ ಕಾಶಿಯ ವಿಧವಾಶ್ರಮವನ್ನು ಕಂಡವರಿಗೆ ಈ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಹೆಣ್ಣನ್ನು ಮಾರುವವರಿದ್ದಾರೆ, ಕೊಳ್ಳುವವರಿದ್ದಾರೆ. ಪ್ರೇಕ್ಷಕನ ಕೋಪಕ್ಕೆ ಒಂದು ಗುರಿ ದೊರೆಯುತ್ತದೆ. ಇಲ್ಲಿ ಅಂತಹ ಬಿಡುಗಡೆಯಿಲ್ಲ.

ಕೃತ, ಕಾರಿತ, ಅನುಮೋದನ ಎಂದು ಹಿಂಸೆಯನ್ನು ಮೂರು ಬಗೆಯಾಗಿ ಎಣಿಸುವುದನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಮೂರನೆಯದು ಹೇಗಿರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಚಿತ್ರ ನಮ್ಮ ಭಾಷೆಯಲ್ಲಿ ವಿರಳ. ಜಗಲಿಯ ಮೇಲೆ ಕುಳಿತು ತಲೆದೂಗುವವರೆಲ್ಲ ಅಲ್ಲಿ ಅನುಮೋದಕರೇ.

‘ಫಣಿಯಮ್ಮ’ದ ಮಾತು ಬೇರೆ, ನಮಗೆ ಅದು ಹೆಚ್ಚು ಅಪಾಯದ ಚಿತ್ರವೆಂದೇ ಹೇಳುತ್ತೇನೆ. ಅರಿಯದ ವಯಸ್ಸಿನಲ್ಲಿ ಮದುವೆಯಾಗಿ, ಅರಿಯದ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಫಣಿ, ಮೈನೆರೆದ ಮೇಲೆ ಕ್ಷೌರಿಕನ ಕತ್ತಿಗೆ ತಲೆಯೊಡ್ಡುತ್ತಾಳೆ. ಅಂದಿನಿಂದ ಒಪ್ಪತ್ತೂಟ, ನಾರುಮಡಿ, ಮನೆಯವರೆಲ್ಲರ ಚಾಕರಿ. ಆಕೆ ಯಾರನ್ನೂ ದೂರುವುದಿಲ್ಲ. ಇದನ್ನು ನೋಡುವ ಜೈನ ಕಣ್ಣಿಗೆ ಥಟ್ಟನೆ ಹೊಳೆಯುವುದು ಆರ್ಯಿಕಾ ಮಾತಾಜಿಯವರ ರೂಪ. ಅದೇ ಒಪ್ಪತ್ತು, ಅದೇ ಕೇಶರಹಿತ ಶಿರಸ್ಸು, ಅದೇ ಶಾಂತಿ. ಕೈಗಳು ತಾವಾಗಿಯೇ ಮುಗಿಯುತ್ತವೆ. ಆದರೆ ಆರ್ಯಿಕೆಯರು ತಮ್ಮ ಕೇಶವನ್ನು ತಮ್ಮ ಕೈಯಿಂದಲೇ ಲೋಚ ಮಾಡಿಕೊಳ್ಳುತ್ತಾರೆ. ಫಣಿಯ ತಲೆಗೆ ಕತ್ತಿ ತಾಗಿಸಿದ್ದು ಊರಿನ ಆಜ್ಞೆ.

ಈ ಭೇದವನ್ನು ನಮ್ಮ ಆಚಾರ್ಯರು ಹಿಂದೆಯೇ ಗುರುತಿಸಿದ್ದರು. ತತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ‘ಅಕಾಮನಿರ್ಜರೆ’ ಎಂಬ ಪದ ಬರುತ್ತದೆ. ತನ್ನ ಇಚ್ಛೆಯಿಲ್ಲದೆ ಕಷ್ಟ ಸಹಿಸಿದಾಗ ಆಗುವ ಕರ್ಮದ ಸವೆತವೇ ಅದು. ಕನ್ನಡ ನಾಡಿನ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಕೊಡುವ ದೃಷ್ಟಾಂತ ಸೆರೆಯಾಳಿನದು. ಹಸಿವು ಬಾಯಾರಿಕೆಗಳನ್ನು ತಡೆದುಕೊಂಡು, ಬ್ರಹ್ಮಚರ್ಯದಲ್ಲಿದ್ದು, ಬರಿನೆಲದ ಮೇಲೆ ಮಲಗುವ ಬಂಧಿ. ಫಣಿಯಮ್ಮನ ದಿನಚರಿ ಇದೇ ತಾನೆ? ಆ ಸಹನೆಯಿಂದ ಅವಳ ಜೀವಕ್ಕೆ ಶುಭವಾಗಿರಬಹುದು. ಬಂಧಿಗೆ ದೊರೆತ ನಿರ್ಜರೆಯಲ್ಲಿ ಸೆರೆಮನೆ ಕಟ್ಟಿದವನಿಗೆ ಪಾಲಿಲ್ಲ. ಅವನ ಲೆಕ್ಕವೇ ಬೇರೆ. ಮನೆಯ ವಿಧವೆಯನ್ನು ‘ದೇವರಂಥ ಹೆಂಗಸು, ಏನೂ ಕೇಳುವುದಿಲ್ಲ’ ಎಂದು ಹೊಗಳುವ ನಾಲಿಗೆ ಈ ಎರಡು ಲೆಕ್ಕಗಳನ್ನು ಒಂದುಮಾಡಿಬಿಡುತ್ತದೆ.

ಪ್ರೇಮಾ ಕಾರಂತರು ಈ ಅಪಾಯವನ್ನು ಬಲ್ಲರು. ಮುಂದಿನ ತಲೆಮಾರಿನ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ಒಪ್ಪದೆ ಹಟ ಹಿಡಿದಾಗ, ಅವಳ ಪಕ್ಷ ವಹಿಸುವವಳು ಮುದುಕಿ ಫಣಿಯಮ್ಮನೇ. ಮಡಿ ಬಿಟ್ಟು ಅಸ್ಪೃಶ್ಯಳ ಹೆರಿಗೆಗೆ ಹೋಗುವವಳೂ ಅವಳೇ. ಆದರೂ ಚಿತ್ರ ಅವಳ ಪ್ರಶಾಂತ ಮುಖವನ್ನು ಎಷ್ಟು ಪ್ರೀತಿಯಿಂದ ತೋರಿಸುತ್ತದೆಂದರೆ, ದಾಕ್ಷಾಯಿಣಿಯ ಕೋಪ ನಮ್ಮ ಮನಸ್ಸಿನಲ್ಲಿ ಬೇಗ ಮಾಸುತ್ತದೆ. ಚಿತ್ರದ ಕೊರತೆಯೆಂದರೆ ಇದೊಂದೇ, ಚಿಕ್ಕದೇನಲ್ಲ.

ಸ್ವಂತ ಇಚ್ಛೆಯ ವ್ರತ ಹೇಗಿರುತ್ತದೆಂದು ತಿಳಿಯಲು ನಮಗೆ ದೂರದ ನಿದರ್ಶನ ಬೇಡ. ಮೂಡಲಗಿಯಿಂದ ಮೂಡಣಕ್ಕೆ ಹೋದರೆ ರನ್ನನ ಮುಧೋಳ. 993ರ ಅವನ ಅಜಿತಪುರಾಣಕ್ಕೆ ಆಶ್ರಯವಿತ್ತ ಅತ್ತಿಮಬ್ಬೆ ವಿಧವೆ. ಪತಿ ನಾಗದೇವ ತೀರಿಕೊಂಡಾಗ, ಅವನನ್ನೇ ವರಿಸಿದ್ದ ತಂಗಿ ಗುಂಡಮಬ್ಬೆ ಚಿತೆಯೇರಿದಳು. ಅತ್ತಿಮಬ್ಬೆ ಬದುಕುವುದನ್ನು ಆರಿಸಿಕೊಂಡಳು. ಮಗನನ್ನು ಬೆಳೆಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿದಳು, ಲಕ್ಕುಂಡಿಯಲ್ಲಿ ಜಿನಾಲಯ ಕಟ್ಟಿಸಿದಳು. ಅವಳ ವ್ರತ ಕಠಿಣವೇ ಆಗಿತ್ತು, ಆದರೆ ಅದನ್ನು ಹೇರಿದವರಿರಲಿಲ್ಲ. ಇಂದು ಪಂಚಕಲ್ಯಾಣದ ಮೆರವಣಿಗೆಗೆ ಕುಂಭ ಹೊರಲು ‘ಮುತ್ತೈದೆಯರೇ ಬರಬೇಕು’ ಎಂದು ಸಾರುವ ಊರುಗಳಲ್ಲಿ, ಆ ದಾನಚಿಂತಾಮಣಿಯೇ ಬಂದು ನಿಂತರೂ ಸಾಲಿನಿಂದ ಹೊರಗೇ.

ಈ ಸಾಲನ್ನು ಬದಲಿಸುವುದು ಆಗದ ಮಾತಲ್ಲ. ಗಡಿಯಾಚೆ ಶಿರೋಳ ತಾಲ್ಲೂಕಿನ ಹೇರವಾಡ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಗಳನ್ನು ನಿಲ್ಲಿಸಲು ಠರಾವು ಮಾಡಿತು. ಮಹಾರಾಷ್ಟ್ರ ಸರಕಾರ ಇತರ ಪಂಚಾಯಿತಿಗಳಿಗೂ ಇದೇ ಮಾದರಿಯೆಂದು ಸುತ್ತೋಲೆ ಕಳಿಸಿತು. ಬಸದಿ ಟ್ರಸ್ಟುಗಳಿಗೆ ಸರಕಾರದ ಸುತ್ತೋಲೆಯೂ ಬೇಕಿಲ್ಲ. ಪಂಚಕಲ್ಯಾಣದ ಆಮಂತ್ರಣ ಪತ್ರಿಕೆ ಬರೆಯುವವರು ಅವರೇ.

‘ಘಟಶ್ರಾದ್ಧ’ದ ಜೀರ್ಣೋದ್ಧಾರಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಅನುಮತಿ ದೊರೆತರೆ, ದಶಲಕ್ಷಣ ಪರ್ವದಲ್ಲಿ ಉತ್ತಮ ಬ್ರಹ್ಮಚರ್ಯದ ದಿನ ಸಂಜೆ ಸಮುದಾಯ ಭವನದಲ್ಲಿ ಅದನ್ನು ತೋರಿಸಬಹುದು. ಚಿತ್ರ ಮುಗಿದ ಮೇಲೆ ಪಂಡಿತರ ಪ್ರವಚನಕ್ಕೆ ಮೊದಲು, ಸಭೆಯ ಹಿಂದಿನ ಸಾಲುಗಳಲ್ಲಿ ಕುಳಿತ ಹೆಂಗಸರಿಗೆ ಮಾತಾಡಲು ಅವಕಾಶ ಕೊಡಲಿ.