ನೆಲಕ್ಕೆ ತಾಗುವ ಚುಕ್ಕಿ

ಚೆನ್ನೈನ ಗಿಂಡಿ ಎಂಜಿನಿಯರಿಂಗ್ ಕಾಲೇಜು 1794ರಲ್ಲಿ ಹುಟ್ಟಿದ್ದೇ ಭೂಮಾಪನ ಶಾಲೆಯಾಗಿ. ಆ ವಿದ್ಯೆಯ ಇಂದಿನ ಕವಲು ಡಿಜಿಟಲ್ ಫೋಟೊಗ್ರಾಮೆಟ್ರಿ: ವಿಮಾನದಿಂದ ತೆಗೆದ, ಸಾಮಾನ್ಯವಾಗಿ ಶೇ. 60ರಷ್ಟು ನೆಲವನ್ನು ಹಂಚಿಕೊಂಡ ಎರಡು ಚಿತ್ರಗಳಿಂದ ಎತ್ತರ ಅಳೆಯುವುದು. ಪುಸ್ತಕದಲ್ಲಿ ಅದು ಬರೀ ಸಮೀಕರಣ. ಕಲಿಸುವ ತಂತ್ರಾಂಶದಲ್ಲಿ ಅದಕ್ಕೆ ಜೀವ ಬರುತ್ತದೆ. ಕೆಂಪು-ನೀಲಿ ಕನ್ನಡಕ ಹಾಕಿದ ವಿದ್ಯಾರ್ಥಿನಿ ಕ್ಯಾಮೆರಾದ ಓರೆಯನ್ನು ತಾನೇ ತಿದ್ದುತ್ತಾಳೆ. ಎರಡು ಚಿತ್ರಗಳ ನಡುವೆ ಮೇಲು-ಕೆಳಗಿನ ವ್ಯತ್ಯಾಸ ಉಳಿದರೆ ಕಣ್ಣಿಗೆ ಆಯಾಸ, ಅಳಿದರೆ ಗುಡ್ಡ ಪರದೆಯಿಂದ ಎದ್ದು ನಿಲ್ಲುತ್ತದೆ! ಆಮೇಲೆ ಎತ್ತರ ಅಳೆಯಲು, ಗುಡ್ಡದ ಮೇಲೆ ತೇಲುವಂತೆ ಕಾಣುವ ಚುಕ್ಕಿಯನ್ನು ಮೆಲ್ಲಗೆ ಇಳಿಸಿ ನೆಲಕ್ಕೆ ತಾಗಿಸಬೇಕು. ಒಳ್ಳೆಯ ತಂತ್ರಾಂಶ, ಎಷ್ಟು ಮೀಟರ್ ತಪ್ಪಿತೆಂದು ಆಗಲೇ ತೋರಿಸುತ್ತದೆ, ಬೇಸರವಿಲ್ಲದೆ ಮತ್ತೆ ಮಾಡಿಸುತ್ತದೆ. ಮೊದಲೆಲ್ಲ ಇಂಥ ಚಿತ್ರಗಳಿಂದ ನಕ್ಷೆ ಬಿಡಿಸುವ ದುಬಾರಿ ಪ್ಲಾಟರ್ ಯಂತ್ರದ ಮುಂದೆ ಸರದಿ ಕಾಯಬೇಕಿತ್ತು. ಈಗ ಈ ಅಭ್ಯಾಸಕ್ಕೆ ಸಾಧಾರಣ ಕಂಪ್ಯೂಟರ್ ಸಾಕು.