ಪ್ರದರ್ಶನ ಮತ್ತು ವ್ಯಾಖ್ಯಾನ: 'ಪ್ರಾರಂಭ' ಕಿರುಚಿತ್ರವನ್ನು ಕುರಿತು

ಎಚ್.ಐ.ವಿ. ಮತ್ತು ಏಡ್ಸ್ ಬಗೆಗೆ ಅರಿವು ಮೂಡಿಸಲೆಂದು ತೋರಿಸುವ ಚಲನಚಿತ್ರಗಳನ್ನು ನಮ್ಮ ವಿಮರ್ಶೆ ಸಾಮಾನ್ಯವಾಗಿ ಹೊರಗಿಟ್ಟಿದೆ. ಅವು ಪ್ರಚಾರ ಸಾಮಗ್ರಿಯೆಂಬುದು ಇದಕ್ಕೆ ಕೊಡುವ ಕಾರಣ. ಉಪದೇಶವೇ ದೋಷವೆನಿಸಿದರೆ ಮಧ್ಯಕಾಲೀನ ಕನ್ನಡ ಸಾಹಿತ್ಯದ ಬಹುಭಾಗವನ್ನು ನಾವು ಕೈಬಿಡಬೇಕಾಗುತ್ತದೆ. ಆದುದರಿಂದ ಇಂತಹ ಚಿತ್ರವು ರೋಗಿಯನ್ನು ಹೇಗೆ ಕಾಣುತ್ತದೆ ಎಂಬ ಪ್ರಶ್ನೆಯಿಂದ ಹೊರಡುವುದು ಉಚಿತವೆಂದು ನಮಗೆ ತೋರುತ್ತದೆ.

2007ರಲ್ಲಿ 'ಏಡ್ಸ್ ಜಾಗೋ' ಎಂಬ ಹೆಸರಿನಲ್ಲಿ ನಾಲ್ಕು ಕಿರುಚಿತ್ರಗಳು ಸಿದ್ಧವಾದವು. ಮೀರಾ ನಾಯರ್, ವಿಶಾಲ್ ಭಾರದ್ವಾಜ್, ಫರ್ಹಾನ್ ಅಖ್ತರ್ ಮತ್ತು ಸಂತೋಷ್ ಶಿವನ್ ಇವುಗಳ ನಿರ್ದೇಶಕರು. ಶಿವನ್ ಅವರ 'ಪ್ರಾರಂಭ' ಕನ್ನಡದ ಚಿತ್ರ. ಪ್ರಭುದೇವ ಅಭಿನಯಿಸಿದ ಲಾರಿ ಚಾಲಕನಿಗೆ ತನ್ನ ಲಾರಿಯಲ್ಲಿ ಅಡಗಿದ್ದ ಹುಡುಗನೊಬ್ಬ ಸಿಗುತ್ತಾನೆ. ಅವನು ತಾಯಿಯನ್ನು ಅರಸಿ ಹೊರಟವನು. ಎಚ್.ಐ.ವಿ. ಸೋಂಕಿದೆಯೆಂದು ಶಾಲೆಯವರು ಅವನನ್ನು ಹೊರಗಟ್ಟಿದ್ದಾರೆ. ಅವನನ್ನು ಮರಳಿ ಶಾಲೆಗೆ ಸೇರಿಸುವ ಹೊಣೆಯನ್ನು ಚಾಲಕ ಹೊರುತ್ತಾನೆ. ಲಾರಿ ಚಾಲಕನೆಂದರೆ ಸೋಂಕನ್ನು ಹರಡುವವನೆಂಬ ಕಲ್ಪನೆ ಬೇರೂರಿದ್ದ ಕಾಲದಲ್ಲಿ ಅವನನ್ನು ರಕ್ಷಕನ ಸ್ಥಾನದಲ್ಲಿ ನಿಲ್ಲಿಸಿದ್ದು ಈ ಚಿತ್ರದ ಹೆಗ್ಗಳಿಕೆ.

ಆದರೆ ಒಂದು ಆಕ್ಷೇಪವನ್ನು ಹೇಳಲೇಬೇಕು. ಮಗು ನಿರಪರಾಧಿ, ಅದರತ್ತ ಕರುಣೆ ಸುಲಭವಾಗಿ ಹರಿಯುತ್ತದೆ. ಸೋಂಕು ಚಾಲಕನಿಗೇ ಇದ್ದಿದ್ದರೆ ಪ್ರೇಕ್ಷಕನ ಮನಸ್ಸು ಹೀಗೆಯೇ ಕರಗುತ್ತಿತ್ತೇ? ಚಿತ್ರ ಈ ಪ್ರಶ್ನೆಯನ್ನು ಎತ್ತುವುದಿಲ್ಲ. ನಿರಪರಾಧಿಯನ್ನೇ ಆರಿಸಿಕೊಂಡಾಗ ಉಳಿದ ರೋಗಿಗಳು ಅಪರಾಧಿಗಳೆಂಬ ಭಾವನೆ ಅಲುಗಾಡದೆ ಉಳಿಯುತ್ತದೆ. ಈ ಭಾವನೆ ಬಹಳ ಹಳೆಯದು. 'ವಡ್ಡಾರಾಧನೆ'ಯ ಸುಕುಮಾರಸ್ವಾಮಿಯ ಕಥೆಯಲ್ಲಿ ವಾಯುಭೂತಿಗೆ ತಗಲುವ ಕುಷ್ಠವು ಅವನ ದುಷ್ಕೃತ್ಯದ ಫಲ. ಅದೇ ಕೃತಿಯ ಸನತ್ಕುಮಾರ ಚಕ್ರವರ್ತಿಯ ಕಥೆಯಲ್ಲಾದರೋ ರೋಗವು ಸಹನೆಯ ಒರೆಗಲ್ಲು; ಅದನ್ನು ತಾಳಿಕೊಂಡವನು ಪೂಜ್ಯ. ಎರಡು ದೃಷ್ಟಿಗಳೂ ನಮ್ಮ ಪರಂಪರೆಯಲ್ಲಿವೆ. ಮೊದಲನೆಯದೇ ಲೋಕರೂಢಿಯಾಗಿ ನಿಂತಿರುವುದು ವಿಷಾದಕರ.

ಇದಕ್ಕೆ ಹೋಲಿಸಿದರೆ ಓನಿರ್ ಅವರ 'ಮೈ ಬ್ರದರ್ ನಿಖಿಲ್' (2005) ಹೆಚ್ಚು ದಿಟ್ಟವಾದ ಚಿತ್ರ. 1989ರಲ್ಲಿ ಗೋವಾದಲ್ಲಿ ಎಚ್.ಐ.ವಿ. ಕಾರಣದಿಂದ ಬಂಧನಕ್ಕೊಳಗಾದ ಡೊಮಿನಿಕ್ ಡಿಸೋಜಾ ಅವರ ಬದುಕು ಅದಕ್ಕೆ ಪ್ರೇರಣೆ. ಅದರ ನಾಯಕ ಸಲಿಂಗಪ್ರೇಮಿಯಾದ ಈಜುಗಾರ. ಅವನು ನಿರ್ದೋಷಿಯೆಂದು ಸಾಧಿಸಿದ ಮೇಲೆ ಕರುಣೆ ಪಡೆಯಲಿ ಎಂಬ ಷರತ್ತನ್ನು ಆ ಚಿತ್ರ ಒಡ್ಡುವುದಿಲ್ಲ.

ಹಾಗಾದರೆ 'ಪ್ರಾರಂಭ'ವನ್ನು ಬದಿಗಿಡಬೇಕೆ? ಬೇಕಿಲ್ಲ. ಗಮಕ ಕಲೆಯಲ್ಲಿ ವಾಚಕನ ಪಕ್ಕದಲ್ಲಿ ವ್ಯಾಖ್ಯಾನಕಾರ ಕುಳಿತಿರುತ್ತಾನೆ. ಕಾವ್ಯ ಬದಲಾಗದು, ವ್ಯಾಖ್ಯಾನ ಸಭೆಗೆ ತಕ್ಕಂತೆ ಬೆಳೆಯುತ್ತದೆ. ಅರಿವಿನ ಚಿತ್ರಪ್ರದರ್ಶನಕ್ಕೂ ಇದೇ ಕ್ರಮ ಸಲ್ಲುತ್ತದೆ. ಚಿತ್ರ ಮುಗಿದೊಡನೆ ದೀಪ ಹಾಕಿ ಸಭಿಕರನ್ನು ಕಳುಹಿಸಿದರೆ ಪ್ರದರ್ಶನ ಅರ್ಧವಾದಂತೆ. 2004ರಿಂದ ಸರ್ಕಾರವು ಎ.ಆರ್.ಟಿ. ಔಷಧಗಳನ್ನು ಉಚಿತವಾಗಿ ಕೊಡುತ್ತಿದೆ. ಅವನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. 2017ರ ಎಚ್.ಐ.ವಿ. ಕಾಯಿದೆ 2018ರಲ್ಲಿ ಜಾರಿಗೆ ಬಂದು ಶಾಲೆಯಲ್ಲಿನ ತಾರತಮ್ಯವನ್ನು ನಿಷೇಧಿಸಿದೆ. ಈ ಸಂಗತಿಗಳನ್ನು ವ್ಯಾಖ್ಯಾನವೇ ಹೇಳಬೇಕು.

ಮುಂಬಯಿ, ಪುಣೆಗಳಂತಹ ನಗರಗಳಿಗೆ ದುಡಿಮೆಗಾಗಿ ಬಂದ ಕನ್ನಡಿಗರ ನಡುವೆ ಈ ಚಿತ್ರವನ್ನು ತೋರಿಸುವವರು ಈ ವ್ಯಾಖ್ಯಾನವನ್ನು ಅವರ ಮಾತಿನಲ್ಲಿಯೇ ನಡೆಸಬೇಕು. ಹುಡುಗನಿಗೆ ಶಾಲೆಯ ಬಾಗಿಲು ತೆರೆಯಲೆಂದು ಹಾರೈಸಿದ ಸಭೆಯನ್ನು, ಚಾಲಕನಿಗೆ ಸೋಂಕಿದ್ದರೆ ಮನೆಯ ಬಾಗಿಲು ತೆರೆಯುವಿರಾ ಎಂದು ಕೇಳಬೇಕು. ಆ ಪ್ರಶ್ನೆಗೆ ಸಭೆ ಕೊಡುವ ಉತ್ತರದಲ್ಲಿ ಪ್ರದರ್ಶನದ ಬೆಲೆ ನಿರ್ಧಾರವಾಗುತ್ತದೆ ಎಂಬುದು ನಮ್ಮ ಅಭಿಮತ.