ಕರಾಚಿಯ ಫಲಕ, ಸರಾಯೆವೊದ ಹೆಸರು

2009ರಲ್ಲಿ ಬಂದ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2’ ಎಂಬ ಭಾರೀ ಬಂಡವಾಳದ ವಿಡಿಯೋ ಗೇಮಿನಲ್ಲಿ ಕರಾಚಿಯ ಬೀದಿಗಳಿವೆ. ಅಲ್ಲಿನ ಫಲಕಗಳು ಅರಬಿಯಲ್ಲಿವೆ! ಕರಾಚಿಯ ಜನ ಓದುವುದು ಉರ್ದು. ಉರ್ದು ಬಲ್ಲ ನಾವು ನಕ್ಕು ಸುಮ್ಮನಾಗಬಹುದು. ಆದರೆ ಆಟ ಕಟ್ಟುವವನ ಕಣ್ಣಿನಿಂದ ನೋಡಿದರೆ ದೋಷ ಇನ್ನೂ ಆಳದಲ್ಲಿದೆ. ಆ ಬೀದಿಯಲ್ಲಿ ಆಟಗಾರನಿಗೆ ಇರುವುದು ಓಡುವ, ಅಡಗುವ, ಗುಂಡು ಹಾರಿಸುವ ಕೆಲಸ ಮಾತ್ರ. ಊರಿನವರೇ ಇಲ್ಲದ ಊರಿನಲ್ಲಿ ಫಲಕವನ್ನು ಯಾರು ಓದಬೇಕು? ಯಾವ ಭಾಷೆಯಾದರೂ ನಡೆದೀತು.

ಪೋಲೆಂಡಿನ ಸ್ವತಂತ್ರ ತಂಡವೊಂದು 2014ರಲ್ಲಿ ತಂದ ‘ದಿಸ್ ವಾರ್ ಆಫ್ ಮೈನ್’ಗೆ ಸರಾಯೆವೊ ಮುತ್ತಿಗೆಯೇ ಪ್ರೇರಣೆ. ಇಲ್ಲಿ ನಾವು ಸಿಪಾಯಿಗಳಲ್ಲ, ಸಿಕ್ಕಿಬಿದ್ದ ನಾಗರಿಕರು. ರಾತ್ರಿ ಹೊರಗೆ ಹೋಗಿ ಆಹಾರ, ಔಷಧ ಹುಡುಕಬೇಕು. ವೃದ್ಧ ದಂಪತಿಯ ಮನೆಯಲ್ಲಿ ಕದಿಯುವುದು ಬಲು ಸುಲಭ. ಕದ್ದು ಬಂದವನು ಕುಗ್ಗುತ್ತಾನೆ, ಜೊತೆಗಾರರೂ ಮಂಕಾಗುತ್ತಾರೆ. ಉಪದೇಶದ ಒಂದು ಮಾತೂ ಇಲ್ಲ, ನಿಯಮವೇ ಕೆಲಸ ಮಾಡುತ್ತದೆ. ಕಥೆಗಾರರು ಕಲಿಯಬೇಕಾದ ವಿದ್ಯೆ ಇದು.

ನಮ್ಮ ತಕರಾರು ಬೇರೆ. ಊರಿಗೆ ಪೊಗೊರೆನ್ ಎಂಬ ಕಲ್ಪಿತ ಹೆಸರಿಟ್ಟಿದ್ದಾರೆ, ಕಾದಾಡುವ ಬಣಗಳೂ ಕಲ್ಪಿತ. ಯಾವ ಊರಿಗೂ ಒಪ್ಪಲಿ ಎಂಬ ಲೆಕ್ಕಾಚಾರವಿದ್ದೀತು. ಆದರೆ 1992ರಿಂದ 1996ರವರೆಗೆ ಸರಾಯೆವೊವನ್ನು ಮುತ್ತಿದ್ದ ಬೋಸ್ನಿಯಾದ ಸರ್ಬ್ ಪಡೆಗಳ ಹೆಸರು ಈ ಆಟದಲ್ಲಿ ಎಲ್ಲೂ ಇಲ್ಲ.